ಒಳ್ಳೆಯತನಕ್ಕೆ ಕಾರಣ ಕೊಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ತತ್ವಶಾಸ್ತ್ರ ಪಾಠ ಮಾಡುತ್ತೇನೆ. ಆಳಂದ, ಸೇಡಂ, ಚಿಂಚೋಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರು ನೀತಿಶಾಸ್ತ್ರದ ಪಾಠ ಶುರುವಾದ ವಾರದೊಳಗೆ ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ. ಗಂಟೆ ಹೊಡೆದ ಮೇಲೂ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

"ಸುಳ್ಳು ಹೇಳಬಾರದು ಅಂತೀರಿ. ಯಾಕ್ರಿ ಸರ್?"

ಸುಳ್ಳಿನಿಂದ ನಂಬಿಕೆ ಹೋಗುತ್ತದೆ ಎಂದರೆ, ನಂಬಿಕೆ ಯಾಕೆ ಬೇಕು ಎನ್ನುತ್ತೀರಿ. ನಂಬಿಕೆಯಿಲ್ಲದೆ ಜನ ಕೂಡಿ ಬಾಳಲಾಗದು ಎಂದರೆ, ಕೂಡಿ ಯಾಕೆ ಬಾಳಬೇಕು ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಈ 'ಯಾಕೆ'ಗಳ ಸಾಲಿಗೆ ಇರುವುದು ಮೂರೇ ಗತಿ. ಕೊನೆಯೇ ಇಲ್ಲದೆ ಬೆಳೆಯುತ್ತ ಹೋಗಬಹುದು, ಸುತ್ತಿ ಬಂದು ಹೊರಟಲ್ಲಿಗೇ ಸೇರಬಹುದು, ಇಲ್ಲವೇ ಎಲ್ಲೋ ಒಂದು ಕಡೆ "ಇದು ಹೀಗೇ" ಎಂದು ನಿಂತುಬಿಡಬಹುದು. ಪ್ರಾಚೀನ ಗ್ರೀಸಿನ ಸಂದೇಹವಾದಿಗಳು ಈ ಇಕ್ಕಟ್ಟನ್ನು ಆಗಲೇ ಗುರುತಿಸಿದ್ದರು.

ಆದರೆ ಈ ಇಕ್ಕಟ್ಟು ನೀತಿಗೆ ಮಾತ್ರ ಬಂದದ್ದಲ್ಲ. ರೇಖಾಗಣಿತವೂ ಕೆಲವು ಮಾತುಗಳನ್ನು ಸಾಧಿಸದೆ ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ನಮ್ಮ ನೆನಪನ್ನು ನಂಬಬಹುದು ಎನ್ನುವುದಕ್ಕೆ ನೆನಪನ್ನೇ ಸಾಕ್ಷಿಗೆ ಕರೆಯಬೇಕು. ಅಲ್ಲೆಲ್ಲ ಸುಮ್ಮನಿದ್ದು, ನೀತಿಯ ಹತ್ತಿರ ಬಂದಾಗ ಮಾತ್ರ ದಾಖಲೆ ಕೇಳುವುದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ.

ವಿಜ್ಞಾನದಿಂದ ಸಾಬೀತು ಮಾಡಲು ಬರುವುದಿಲ್ಲವೇ?

ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿದ್ದನ್ನು ನಮ್ಮ ಜಿಲ್ಲೆಯ ತೊಗರಿ ಬೆಳೆಗಾರರು ಕಂಡಿದ್ದಾರೆ. ಯಾವ ತಳಿ ರೋಗ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ವಿಜ್ಞಾನ ಹೇಳುತ್ತದೆ. ತಡೆಯದ ತಳಿಯನ್ನು ಮಾರುವಾಗ ಕೊಳ್ಳುವವರಿಗೆ ಆ ಮಾತು ತಿಳಿಸಬೇಕು ಎನ್ನುವುದು ಯಾವ ಪ್ರಯೋಗಶಾಲೆಯಲ್ಲೂ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739–40ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಎತ್ತಿ ತೋರಿಸಿದ್ದು ಇದನ್ನೇ. ನೀತಿಯ ಬಗ್ಗೆ ಬರೆಯುವವರು 'ಇದೆ', 'ಇಲ್ಲ' ಎಂದು ಹೇಳುತ್ತ ಬಂದು ಇದ್ದಕ್ಕಿದ್ದಂತೆ 'ಬೇಕು', 'ಬಾರದು' ಎನ್ನತೊಡಗುತ್ತಾರೆ, ಒಂದರಿಂದ ಇನ್ನೊಂದಕ್ಕೆ ಹೇಗೆ ಬಂದರೆಂದು ಹೇಳುವುದೇ ಇಲ್ಲ ಎಂದು ಆತ ಬರೆದ. ಹಾಗೆಂದು ವಿಜ್ಞಾನ ಬೇಡವೆಂದಲ್ಲ. ರೋಗದ ವಿಷಯವೇ ಗೊತ್ತಿಲ್ಲದಿದ್ದರೆ ಎಷ್ಟೇ ಒಳ್ಳೆಯ ಮನಸ್ಸಿನ ಅಂಗಡಿಯವನೂ ಏನನ್ನು ತಿಳಿಸಿಯಾನು?

ದೇವರು ಹೇಳಿದ್ದಾನೆ ಎಂದರೆ ಸಾಲದೇ?

ಪ್ಲೇಟೋನ ಒಂದು ಸಂವಾದದಲ್ಲಿ ಸಾಕ್ರಟೀಸ್ ಇದನ್ನು ಕೇಳುತ್ತಾನೆ: ದೇವರಿಗೆ ಇಷ್ಟವಾದ್ದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರಿಗೆ ಇಷ್ಟವೋ? ಎರಡನೆಯದು ನಿಜವಾದರೆ ಒಳ್ಳೆಯತನ ದೇವರ ಮಾತಿಗಿಂತ ಮೊದಲೇ ಇತ್ತು ಎಂದಾಯಿತು. ಶರಣಬಸವೇಶ್ವರರ ಗುಡಿಗೂ ಬಂದೇ ನವಾಜರ ದರ್ಗಾಕ್ಕೂ ಹೋಗಿ ಕೈ ಮುಗಿಯುವ ಊರು ನಮ್ಮದು. ಇಲ್ಲಿನ ಜನರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರಲ್ಲಿ ಒಳ್ಳೆಯವರು ಒಳ್ಳೆಯವರಾಗಿರುವುದು ಶಿಕ್ಷೆಯ ಭಯದಿಂದ ಎಂದು ನಾನು ನಂಬಲಾರೆ.

ಹಾಗಾದರೆ ನೀತಿ ಅವರವರ ಅಭಿಪ್ರಾಯವಷ್ಟೇ?

ಅಲ್ಲ. ಪುರಾವೆ ಕೊಡಲಾಗದ್ದೆಲ್ಲ ಅಭಿಪ್ರಾಯ ಎಂಬುದೇ ಇಲ್ಲಿನ ಎಡವಟ್ಟು. ಆಕ್ಸ್‌ಫರ್ಡಿನ ಎಚ್. ಎ. ಪ್ರಿಚರ್ಡ್ ಅವರು 1912ರಲ್ಲಿ ಒಂದು ಲೇಖನ ಬರೆದು, ನಮ್ಮ ಕರ್ತವ್ಯಗಳಿಗೆ ಹೊರಗಿನಿಂದ ಪುರಾವೆ ತರಲು ಹೊರಟಿದ್ದೇ ತಪ್ಪು, ಅವು ಸಂದರ್ಭವನ್ನು ಸರಿಯಾಗಿ ಕಂಡವರಿಗೆ ನೇರವಾಗಿ ತಿಳಿಯುವಂಥವು ಎಂದು ವಾದಿಸಿದರು. ಅದಕ್ಕೂ ಎಷ್ಟೋ ಶತಮಾನ ಮೊದಲು ಅರಿಸ್ಟಾಟಲ್ ಇನ್ನೂ ಒರಟಾಗಿ ಹೇಳಿದ್ದ. ಹಿಮ ಬೆಳ್ಳಗಿದೆಯೇ ಎಂದು ಸಂಶಯಪಡುವವನಿಗೆ ಬೇಕಾದ್ದು ಕಣ್ಣು, ತಂದೆತಾಯಿಯನ್ನು ಪ್ರೀತಿಸಬೇಕೇ ಎಂದು ಸಂಶಯಪಡುವವನಿಗೆ ಬೇಕಾದ್ದು ದಂಡನೆ ಎಂಬುದು ಅವನ ಮಾತಿನ ಸಾರ.

ದಂಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತೊಂಬತ್ತು ವರ್ಷದವರು ಹೀಗೆ ಕೇಳುವುದು ದುರುಳತನದಿಂದಲ್ಲ, ಹಿರಿಯರು ಹೇಳಿದ್ದನ್ನು ಮೊದಲ ಸಲ ತೂಗಿ ನೋಡುತ್ತಿರುತ್ತಾರೆ. ಆದರೆ ಕಣ್ಣಿನ ಮಾತು ಸರಿಯಿದೆ. ಬಸ್ ನಿಲ್ದಾಣದಲ್ಲಿ ಯಾರೋ ಚಿಕ್ಕ ಹುಡುಗನ ಕೈ ತಿರುಚುತ್ತಿದ್ದರೆ "ಇದು ತಪ್ಪು ಎನ್ನಲು ಆಧಾರವೇನು" ಎಂದು ಯೋಚಿಸುತ್ತ ನಿಲ್ಲುವವರು ಯಾರೂ ಇಲ್ಲ. "ಏ, ಬಿಡೋ ಅವಗ" ಎಂಬ ಕೂಗು ಬಾಯಿಗೆ ಬಂದಿರುತ್ತದೆ. ಆ ಕೂಗು ಬರೀ ಅಭಿಪ್ರಾಯವಲ್ಲ. ನಡೆಯುತ್ತಿರುವುದನ್ನು ಕಂಡದ್ದರ ಗುರುತು ಅದು.

ಸದ್ಗುಣ ನೀತಿ ಎಂದರೇನು? ನಿಮಗೆ ಅದರ ಮೇಲೆ ಅಷ್ಟೊಂದು ಒಲವು ಯಾಕೆ?

ಜರ್ಮನಿಯ ತತ್ವಜ್ಞ ಕಾಂಟ್ 1785ರಲ್ಲಿ ಬರೆದ ನೀತಿಗ್ರಂಥದ ದಾರಿಯಲ್ಲಿ ಹೋದರೆ ಕೇಳಬೇಕಾದ ಪ್ರಶ್ನೆ, ನಾನು ಪಾಲಿಸುತ್ತಿರುವ ನಿಯಮ ಎಲ್ಲರ ನಿಯಮವೂ ಆಗಬಹುದೇ ಎಂಬುದು. ಬೆಂಥಮ್, ಮಿಲ್ ಅವರ ದಾರಿಯಲ್ಲಿ, ಇದರಿಂದ ಒಟ್ಟು ಸುಖ ಹೆಚ್ಚುತ್ತದೆಯೇ ಎಂದು ಕೇಳಬೇಕು. ಸದ್ಗುಣ ನೀತಿ ಕೇಳುವುದೇ ಬೇರೆ: ನಾನು ಎಂಥ ಮನುಷ್ಯನಾಗಬೇಕು? ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಅರಿಸ್ಟಾಟಲ್ ಇದರ ಮುಖ್ಯ ಗುರು. ಬಹುಕಾಲ ಮೂಲೆಗೆ ಸರಿದಿದ್ದ ಈ ವಿಚಾರಕ್ಕೆ ಮತ್ತೆ ಜೀವ ಬಂದದ್ದು 1958ರಲ್ಲಿ ಎಲಿಜಬೆತ್ ಆನ್ಸ್‌ಕಂಬ್ ಬರೆದ ಒಂದು ಲೇಖನದಿಂದ. ಆಜ್ಞೆ ಕೊಡುವ ದೇವರನ್ನು ಕೈಬಿಟ್ಟ ಮೇಲೂ ನಾವು ಆಜ್ಞೆಯ ಭಾಷೆಯನ್ನು ಉಳಿಸಿಕೊಂಡಿದ್ದೇವೆ, ಅದು ನ್ಯಾಯಾಲಯಗಳೆಲ್ಲ ಮುಚ್ಚಿದ ಮೇಲೂ 'ಅಪರಾಧಿ' ಎಂಬ ಪದ ಉಳಿದಂತೆ ಎಂದರು ಅವರು. 'ತಪ್ಪು' ಎಂಬ ಬರಿಯ ಪದಕ್ಕಿಂತ 'ಅನ್ಯಾಯ', 'ಅಪ್ರಾಮಾಣಿಕ' ಎಂಬ ಪದಗಳು ಹೆಚ್ಚು ಹೇಳುತ್ತವೆ ಎಂಬುದು ಅವರ ವಾದ. ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಈ ದಾರಿಯನ್ನು ಇನ್ನೂ ಅಗಲ ಮಾಡಿದರು.

ನನ್ನ ಒಲವಿನ ಕಾರಣ ಮಾತ್ರ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಗಂಜಿನ (ಕಾಳಿನ ಮಾರುಕಟ್ಟೆಯ) ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ. ತೊಗರಿ ಸುಗ್ಗಿಯಲ್ಲಿ, ಶಾಲೆಗೆ ರಜೆ ಇದ್ದಾಗ, ನಾನೂ ಅವನ ಹಿಂದೆ ಹೋಗುತ್ತಿದ್ದೆ. ಮಾಲು ನೋಡಲು ಅಲ್ಲಿ ಚೀಲ ಬಿಚ್ಚುತ್ತಿರಲಿಲ್ಲ. ಮೊನಚಾದ ಕಬ್ಬಿಣದ ಕೊಳವೆಯನ್ನು ಗೋಣಿಗೆ ಚುಚ್ಚಿ, ಅದರಲ್ಲಿ ಇಳಿದು ಬಂದ ಕಾಳನ್ನು ಅಂಗೈ ಮೇಲೆ ಹರಡಿ, ಬೆರಳಾಡಿಸಿ ನೋಡುತ್ತಿದ್ದರು. ನೋಡಿದ ಕಾಳು ನೆಲಕ್ಕೆ. ಹತ್ತು ಜನ ವ್ಯಾಪಾರಿಗಳು ನೂರಾರು ಚೀಲ ನೋಡಿದರೆ ಸಂಜೆಗೆ ಗುಡಿಸಿದಾಗ ಬುಟ್ಟಿ ತುಂಬುತ್ತಿತ್ತು. ಗುಡಿಸಿದ್ದು ಅಂಗಡಿಯದು ಎಂಬುದು ರೂಢಿ. ಮುತ್ಯಾ ಮಾತ್ರ ತನ್ನ ಅಂಗೈಯ ಕಾಳನ್ನು ಅದೇ ತೂತಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒಳಗೆ ತಳ್ಳುತ್ತಿದ್ದ. ಆಮೇಲೆ ಅಗಲಿದ ಗೋಣಿಯ ಎಳೆಗಳನ್ನು ಉಗುರಿನಿಂದ ಎಳೆದು ಕೂಡಿಸಿ, ಮೇಲೊಂದು ಸಲ ಸವರುತ್ತಿದ್ದ.

"ಇಷ್ಟ್ ಕಾಳಿಗಿ ಯಾರ್ ಕೇಳ್ತಾರ ಮುತ್ಯಾ?" ಎಂದು ಕೇಳಿದ್ದೆ.

"ಯಾರೂ ಕೇಳಲ್ಲ. ಅವರ ಕಾಳು ಅದ."

ನಿಯಮದ ಲೆಕ್ಕ ಅವನ ತಲೆಯಲ್ಲಿರಲಿಲ್ಲ, ಸುಖದ ಲೆಕ್ಕವೂ ಇರಲಿಲ್ಲ. ಪ್ರತಿ ಸಲ ಲೆಕ್ಕ ಹಾಕಿಯೇ ಹಿಂದಕ್ಕೆ ಹಾಕುತ್ತಿದ್ದ ಎಂದು ತಿಳಿದಿದ್ದರೆ ನನಗೆ ಅವನ ಮೇಲೆ ಇಷ್ಟು ನಂಬಿಕೆ ಬರುತ್ತಿರಲಿಲ್ಲ. ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಮುಳುಗುತ್ತಿರುವ ಹೆಂಡತಿಯನ್ನು ಉಳಿಸುವ ಮೊದಲು "ಇಂಥ ಸಂದರ್ಭದಲ್ಲಿ ಹೆಂಡತಿಯನ್ನು ಉಳಿಸಲು ನೀತಿಯಲ್ಲಿ ಅವಕಾಶವಿದೆ" ಎಂದು ಯೋಚಿಸುವವನು, ಬೇಡದ ಒಂದು ಯೋಚನೆಯನ್ನು ಹೆಚ್ಚಿಗೆ ಮಾಡಿದ್ದಾನೆ ಎನ್ನುತ್ತಾರೆ ಅವರು. ಅರಿಸ್ಟಾಟಲ್ ಕೂಡ ಚೆನ್ನಾಗಿ ಬೆಳೆದವರು 'ಇದು ಹೀಗೆ' ಎಂಬಲ್ಲಿಂದಲೇ ಹೊರಡುತ್ತಾರೆ, ಅವರಿಗೆ ಆರಂಭದಲ್ಲೇ 'ಯಾಕೆ' ಬೇಕಾಗುವುದಿಲ್ಲ ಎಂದಿದ್ದಾನೆ.

ಇದೆಲ್ಲ ಗ್ರೀಕರದ್ದಾಯಿತು. ನಮ್ಮ ನೆಲದಲ್ಲಿ?

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಿ ಬನ್ನಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಸುರಿದು ಬಾ ಎಂದಳು. ಕದ್ದದ್ದಲ್ಲ, ಯಾರ ಅಡ್ಡಿಯೂ ಇರಲಿಲ್ಲ, ಯಾವ ಕಟ್ಟಳೆಯೂ ಮುರಿದಿರಲಿಲ್ಲ. ಆಸೆ ಅರಸರಿಗೆ ಇರುವಂಥದ್ದು, ಶಿವಭಕ್ತರಿಗೆ ಉಂಟೇ, ಇಷ್ಟಕ್ಕಿಯಾಸೆ ನಿಮಗೇಕೆ ಎಂದು ಕೇಳುತ್ತದೆ ಅವಳ ವಚನ. ಅವಳು ಗಂಡನಿಗೆ ನೆನಪು ಮಾಡಿಕೊಟ್ಟದ್ದು ಅವನು ಯಾರು ಎಂಬುದನ್ನು. ಸದ್ಗುಣ ನೀತಿಯನ್ನು ಒಂದೇ ಕಥೆಯಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಹಾಗೆಂದು ಶರಣರು ಹೇಳಿದ್ದೂ ಅರಿಸ್ಟಾಟಲ್ ಹೇಳಿದ್ದೂ ಒಂದೇ ಎನ್ನಬೇಡಿ. ಕೈಕೆಲಸದವರ, ಕೂಲಿಗಳ ಬಾಳು ಬಾಳುತ್ತ ಸದ್ಗುಣದ ಅಭ್ಯಾಸ ಸಾಧ್ಯವಿಲ್ಲ ಎಂದು ಅವನು ತನ್ನ ರಾಜ್ಯಶಾಸ್ತ್ರದಲ್ಲಿ ಬರೆದಿದ್ದಾನೆ. ಗುಲಾಮಗಿರಿಯನ್ನೂ ಸಮರ್ಥಿಸಿದ್ದಾನೆ. ಕಲ್ಯಾಣದಲ್ಲಿ ಅಕ್ಕಿ ಆಯುವವನ ಹೆಂಡತಿ, ಚಪ್ಪಲಿ ಹೊಲಿಯುವವನು, ದೋಣಿ ನಡೆಸುವವನು ಕಾಯಕದಲ್ಲೇ ಗುಣವನ್ನು ಕಂಡರು. ಈ ಒಂದು ವಿಷಯದಲ್ಲಿ ನಮ್ಮವರು ಅಥೆನ್ಸಿನ ಗುರುವಿಗಿಂತ ಬಹಳ ಮುಂದೆ ಹೋಗಿದ್ದರು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಗುಣವನ್ನು ಕಲಿಯಬಹುದೇ, ಹುಟ್ಟಿನಿಂದಲೇ ಬರುತ್ತದೆಯೇ?

ಮನೆ ಕಟ್ಟುತ್ತ ಕಟ್ಟುತ್ತ ಗೌಂಡಿಯಾಗುತ್ತಾರೆ, ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತರಾಗುತ್ತಾರೆ ಎಂಬುದು ಅರಿಸ್ಟಾಟಲನ ಉತ್ತರ. ನನಗೆ ಇದು ಮನಸ್ಸಿಗೆ ಇಳಿದದ್ದು ಬೀದರಿನಲ್ಲಿ ಬಿದರಿ ಕೆಲಸ ನೋಡುತ್ತ ಕೂತಾಗ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಾಯಿಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೋಟೆಯ ಎಲ್ಲ ಮಣ್ಣೂ ಆಗಿಬರುವುದಿಲ್ಲ. ಅನುಭವಿ ಕಲಾವಿದರು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ಇದು ಆಗುತ್ತದೆ, ಇದು ಆಗುವುದಿಲ್ಲ ಎನ್ನುತ್ತಾರೆ. ಆ ರುಚಿಯನ್ನು ಬರೆದು ಕಲಿಸಲು ಬರುವುದಿಲ್ಲ. ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತು, ಕೆಟ್ಟು, ತಿದ್ದಿಕೊಂಡು ಬರುತ್ತದೆ.

ಅರಿಸ್ಟಾಟಲ್ ವಿವೇಕ ಎಂದು ಕರೆದದ್ದು ಇಂಥ ನಾಲಿಗೆಯನ್ನು. ಎಷ್ಟು ಸಿಟ್ಟು, ಯಾರ ಮೇಲೆ, ಯಾವಾಗ ಎಂದು ಹೇಳುವ ಕೋಷ್ಟಕ ಯಾರ ಹತ್ತಿರವೂ ಇಲ್ಲ. ನೀತಿಯ ಪಾಠಕ್ಕೆ ಬರೀ ವಯಸ್ಸಲ್ಲ, ಬದುಕಿನ ಅನುಭವ ಬೇಕು ಎಂದು ಅವನು ಹೇಳಿದ್ದೂ ಅದಕ್ಕೇ.

ಒಳ್ಳೆಯವರೂ ಸಂದರ್ಭ ಬಂದಾಗ ಕೈ ಕೊಡುತ್ತಾರಲ್ಲ?

ಕೊಡುತ್ತಾರೆ. 1973ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ ಅವರ ಪ್ರಯೋಗ ಪ್ರಸಿದ್ಧವಾದದ್ದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಧರ್ಮಗುರುಗಳಾಗಲು ಓದುತ್ತಿದ್ದವರನ್ನು ಭಾಷಣಕ್ಕೆಂದು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇ. 63, ತುಸು ಅವಸರದವರಲ್ಲಿ ಶೇ. 45, ತಡವಾಯಿತೆಂದು ಓಡುತ್ತಿದ್ದವರಲ್ಲಿ ಶೇ. 10ರಷ್ಟು ಜನ ಮಾತ್ರ ನೆರವಾದರು. ಅವರಲ್ಲಿ ಕೆಲವರು ಮಾತಾಡಬೇಕಿದ್ದದ್ದೇ ಬೈಬಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯ ಬಗ್ಗೆ.

ಈ ಅಂಕಿಗಳನ್ನು ಹೇಳುವಾಗ ನನಗೆ ಒಂದು ಮೇ ತಿಂಗಳು ನೆನಪಾಗುತ್ತದೆ. ಪರೀಕ್ಷಾ ಕೆಲಸಕ್ಕೆ ಹತ್ತು ಗಂಟೆಯೊಳಗೆ ಮುಟ್ಟಬೇಕಿತ್ತು. ಜಗತ್ ಸರ್ಕಲ್ ದಾಟುವಾಗ ಒಬ್ಬ ಮುದುಕ ಗೋಡೆಗೆ ಒರಗಿ ಕೂತಿದ್ದ. ತಲೆಯ ಟವೆಲು ಜಾರಿ ಭುಜಕ್ಕೆ ಬಿದ್ದಿತ್ತು, ಬಾಯಿ ತೆರೆದಿತ್ತು. ಗಾಡಿ ನಿಧಾನ ಮಾಡಿದೆ, ನಿಲ್ಲಿಸಲಿಲ್ಲ. ಮಧ್ಯಾಹ್ನ ಮರಳಿ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಈಗ ಕಾಲು ಗಂಟೆ ಮೊದಲೇ ಮನೆ ಬಿಡುತ್ತೇನೆ, ಬೇಸಿಗೆಯಲ್ಲಿ ನೀರಿನ ಬಾಟಲಿ ಎರಡು ಇಟ್ಟುಕೊಂಡಿರುತ್ತೇನೆ. ಗುಣಕ್ಕೂ ಇಂಥ ಆಸರೆ ಬೇಕು. ಪ್ರಯೋಗದಿಂದ ನಾನು ಕಲಿತದ್ದು ಗುಣವೆಂಬುದೇ ಇಲ್ಲ ಎಂದಲ್ಲ, ಅದು ನಾವು ಎಣಿಸಿದ್ದಕ್ಕಿಂತ ಎಳೆಯದು ಎಂದು.

ಒಳ್ಳೆಯವರಾಗಿದ್ದು ಲಾಭವೇನು?

ಬೀದರಿನ ಮಹಮೂದ್ ಗವಾನ್ ದೊಡ್ಡ ವಿದ್ವಾಂಸ, ಬಹಮನಿ ರಾಜ್ಯದ ಸಮರ್ಥ ಮಂತ್ರಿ. 1472ರಲ್ಲಿ ಮದರಸಾ ಕಟ್ಟಿಸಿದ. ಅದರ ನೀಲಿ ಹೆಂಚಿನ ಚೂರುಗಳು ಗೋಡೆಯಲ್ಲಿ ಈಗಲೂ ಹೊಳೆಯುತ್ತವೆ. ವಿರೋಧಿಗಳು ಹುಟ್ಟಿಸಿದ ಖೊಟ್ಟಿ ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆ ಎಂದು ನಾನು ಯಾವ ತರಗತಿಯಲ್ಲೂ ಹೇಳಿಲ್ಲ. ಹಿಂಸೆಗೆ ಸಿಕ್ಕಿರುವವನೂ ಗುಣವಂತನಾದರೆ ಸುಖಿಯೇ ಎನ್ನುವವರದು ಅರ್ಥವಿಲ್ಲದ ಮಾತು ಎಂದು ಅರಿಸ್ಟಾಟಲನೇ ಹೇಳಿದ್ದಾನೆ. ಗುಣವಿಲ್ಲದೆ ಬಾಳು ಸಾರ್ಥಕವಾಗದು, ಗುಣವೊಂದರಿಂದಲೇ ಆಗುವುದೂ ಇಲ್ಲ.

"ಸಮರ್ಥನೆ ಬೇಡ ಅಂದ್ರ, ಜಾತಿಗೂ ಸಮರ್ಥನೆ ಬೇಡ ಅಂದಂಗ ಆಯ್ತಲ್ಲ ಸರ್?"

ಹಿಂದಿನ ಬೆಂಚಿನಿಂದ ಎದ್ದು ನಿಂತು ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಇದನ್ನೆಲ್ಲ ಬರೆಯಲು ಕೂತದ್ದೇ ಅವಳಿಂದ. ಆ ದಿನ ನಾನು ಸರಿಯಾಗಿ ಉತ್ತರಿಸಲಿಲ್ಲ.

ನಮ್ಮ ಆಯಿ, ಅಂದರೆ ಅಜ್ಜಿ, ಹಸಿದು ಬಂದವರನ್ನು ಬರಿಗೈಲಿ ಕಳಿಸಿದ್ದನ್ನು ನಾನು ನೋಡಿಲ್ಲ. ಬರಗಾಲದಲ್ಲಿ ತಾನು ಅರ್ಧ ರೊಟ್ಟಿ ತಿಂದು ಉಳಿದರ್ಧ ಕೊಟ್ಟವಳು. ಅದೇ ಆಯಿ, ಬಾಗಿಲಿಗೆ ಬಂದ ಕೆಲವರು ನೀರು ಕೇಳಿದರೆ ಚರಗಿಯನ್ನು ಎತ್ತರಕ್ಕೆ ಹಿಡಿದು ಅವರ ಬೊಗಸೆಗೆ ಸುರಿಯುತ್ತಿದ್ದಳು. ನೀರು ಅವರ ಮೊಣಕೈವರೆಗೆ ಹರಿದು ಮಣ್ಣಿಗೆ ಬೀಳುತ್ತಿತ್ತು. ಕುಡಿಯುವವರು ತಲೆ ಎತ್ತುತ್ತಿರಲಿಲ್ಲ. ಪಕ್ಕದಲ್ಲೇ ನಿಂತು ನಾನು ಸ್ಟೀಲ್ ಗ್ಲಾಸಿನಲ್ಲಿ ಕುಡಿಯುತ್ತಿದ್ದೆ.

"ಯಾಕ ಆಯಿ, ಅವರಿಗಿ ಗ್ಲಾಸ್ ಯಾಕ ಕೊಡಲ್ಲ?"

"ಹಂಗ ನಡ್ಕೊಂತ ಬಂದದ."

ಮುತ್ಯಾನ ಉತ್ತರವನ್ನೂ ಆಯಿಯ ಉತ್ತರವನ್ನೂ ನಾನು ವರ್ಷಗಳ ಕಾಲ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಎರಡೂ ಚಿಕ್ಕವು, ಎರಡರ ಆಚೆಗೂ ಮಾತಿಲ್ಲ. ಆದರೆ ಮುತ್ಯಾನ ಮಾತಿನ ಕೊನೆಯಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. "ಅವರ ಕಾಳು ಅದ" ಎಂಬುದನ್ನು ಆ ರೈತನ ಎದುರಿಗೇ ಹೇಳಬಹುದು, ಅವನು ತಲೆದೂಗುತ್ತಾನೆ. ಆಯಿಯ ಮಾತಿನ ಕೊನೆಯಲ್ಲಿ ಇರುವುದು ರೂಢಿ ಮಾತ್ರ. ಬೊಗಸೆ ಒಡ್ಡಿದವರ ಮುಖ ನೋಡಿ ಅದನ್ನು ಹೇಳಲು ಅವಳಿಗೂ ಬರುತ್ತಿರಲಿಲ್ಲ. ನನ್ನ ಮೇಲೆ ನಾನೇ ಹೊತ್ತುಕೊಳ್ಳುವ ಮೌಲ್ಯಕ್ಕೆ ಯಾರಿಗೂ ಸಮರ್ಥನೆ ಕೊಡಬೇಕಿಲ್ಲ. ಇನ್ನೊಬ್ಬರ ತಲೆಯ ಮೇಲೆ ಹೊರಿಸುವ ಮೌಲ್ಯಕ್ಕೆ, ಹೊರುವವರು ಕೇಳಿದಾಗಲೆಲ್ಲ, ಅವರು ಒಪ್ಪಬಹುದಾದ ಕಾರಣ ಕೊಡಲೇಬೇಕು.

ಕಲ್ಯಾಣದಲ್ಲಿ ಆದದ್ದೂ ಇದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ದೊರೆ ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ, ಕೊಡಿಸಿದ ಎಂದು ಪರಂಪರೆ ಹೇಳುತ್ತದೆ. ರೂಢಿಗೆ ಕಾರಣ ಕೇಳಿದರು, ರೂಢಿಯ ಹತ್ತಿರ ಕಾರಣವಿರಲಿಲ್ಲ, ಆನೆ ಇತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಲು ಮತ್ತೆ ಸುಮಾರು ಎಂಟು ಶತಮಾನ ಬೇಕಾಯಿತು.

ಸದ್ಗುಣ ನೀತಿಯನ್ನು ಪ್ರೀತಿಸುವವರು ಈ ಮಾತನ್ನು ಎದೆಗೆ ಹಾಕಿಕೊಳ್ಳಬೇಕು. 'ಚೆನ್ನಾಗಿ ಬೆಳೆದವರು' ಎಂಬಲ್ಲಿ ಯಾರ ಮನೆಯಲ್ಲಿ, ಯಾರಿಗೆ ನೀರೆರೆಯುತ್ತ ಬೆಳೆದವರು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆಯಿಯ ದಯೆ ಸುಳ್ಳಾಗಿರಲಿಲ್ಲ, ಅರ್ಧಕ್ಕೆ ನಿಂತಿತ್ತು. ಅದು ಮುಂದೆ ಹೋಗಬೇಕಾದರೆ ಹೊರಗಿನವರು ಯಾರಾದರೂ 'ಯಾಕೆ' ಎಂದು ಕೇಳಬೇಕಿತ್ತು, ಕೇಳುವಷ್ಟು ಧೈರ್ಯ ಅವರಿಗೆ ಉಳಿದಿರಬೇಕಿತ್ತು. ಆ ಹುಡುಗಿಗೆ ಇತ್ತು.

ಮಕ್ಕಳು 'ಯಾಕೆ' ಎಂದು ಕೇಳಿದರೆ ಏನು ಹೇಳಲಿ?

ಶಹಾಪುರದ ಒಬ್ಬ ತಾಯಿ ಕೇಳಿದ್ದು. ಸುಮ್ಮನಿರು ಎನ್ನಬೇಡಿ ಅಕ್ಕಾ. ಕಾರಣ ಗೊತ್ತಿದ್ದರೆ ಹೇಳಿ, ಉದ್ದ ಮಾಡಬೇಡಿ.

ಹೋದ ವರ್ಷ ಸೂಪರ್ ಮಾರ್ಕೆಟ್ ಹತ್ತಿರ ಜೋಳದ ರೊಟ್ಟಿ ಮಾರುವ ಹೆಣ್ಣುಮಗಳು ಚಿಲ್ಲರೆ ಕೊಡುವಾಗ ಐವತ್ತು ರೂಪಾಯಿ ಹೆಚ್ಚು ಕೊಟ್ಟಿದ್ದಳು. ಗಾಡಿಯ ಹತ್ತಿರ ಬಂದ ಮೇಲೆ ಮಗಳು ಎಣಿಸಿ ಹೇಳಿದಳು. "ಅಕಿಗಿ ಗೊತ್ತೇ ಆಗಲ್ಲ ಅಪ್ಪಾ, ಯಾಕ ಹೊಳ್ಳಿ ಕೊಡಬೇಕು?" ಎಂದೂ ಕೇಳಿದಳು. ನಾನು ಪಾಠ ಶುರುಮಾಡಲು ಹೋಗಿ ನಿಲ್ಲಿಸಿದೆ. "ಮೊದಲ್ ಕೊಟ್ಟು ಬಾ, ಆಮ್ಯಾಲ ಹೇಳ್ತೀನಿ" ಎಂದೆ. ಹೋದಳು. ಬಂದಾಗ ಮುಖ ಬೇರೆಯಾಗಿತ್ತು.

"ಅಕಿ ಹಾಸಿದ ಗೋಣಿಚೀಲ ಎತ್ತಿ ಎತ್ತಿ ನೋಡ್ಲತ್ತಿದ್ಳು ಅಪ್ಪಾ. ರೊಟ್ಟಿ ಬುಟ್ಟಿನೂ ಬೋರಲ್ ಹಾಕಿದ್ಳು."

ಆಮೇಲೆ ಹೇಳುತ್ತೇನೆ ಎಂದಿದ್ದ ಕಾರಣವನ್ನು ಅವಳು ಮತ್ತೆ ಕೇಳಲಿಲ್ಲ.